ಸೆಪ್ಟೆಂಬರ್‌ನಾಗ ಹಕ್ಕಿ ನೋಡಾಕ ಎರಡು ದಿನ: ಗುಡವಿನೋ, ಅತ್ತಿವೇರಿನೋ?

ಹುಬ್ಬಳ್ಳಿ ಮಂದಿ:
ನಮಸ್ಕಾರ್ರೀ ಎಲ್ಲಾರಿಗೂ. ಸೆಪ್ಟೆಂಬರ್ ಎರಡನೇ ಶನಿವಾರ ಸೂಟಿ ಐತಿ, ರವಿವಾರನೂ ಕೂಡಿ ಎರಡು ದಿನ ಸಿಗತಾವ. ಮಗಳು ಐದನೇತ್ತಾ ಓದತಾಳ. ಕರೆಂಟ್ ತಂತಿ ಮ್ಯಾಲೆ ಕುಂತ ಹಕ್ಕಿನೆಲ್ಲ ನೋಟಬುಕ್ಕಿನಾಗ ಬರದಿಡೂ ಹುಚ್ಚು ಹತ್ತೇತಿ ಆಕಿಗೆ. ಕಾಡು, ಕೆರಿ ಎರಡೂ ಒಂದೇ ಕಡೆ ಇರೂ ಜಾಗಾ ತೋರಸಬೇಕು. ನಮ್ಮವ್ವನೂ ಬರತಾಳ, ಮೊಣಕಾಲು ನೋವು, ಭಾಳ ನಡಿಯಾಕ ಆಗೂದಿಲ್ಲ.

ನನ್ನ ಪ್ಲಾನ್: ಶನಿವಾರ ಮುಂಡಗೋಡ ಕಡೆ ಅತ್ತಿವೇರಿ ಪಕ್ಷಿಧಾಮ, ಆಮ್ಯಾಲೆ ಸೊರಬ ಕಡೆ ಗುಡವಿ ಪಕ್ಷಿಧಾಮ. ರವಿವಾರ ಮಂಡಗದ್ದೆ ಪಕ್ಷಿಧಾಮ, ಹಂಗ ಲಕ್ಕವಳ್ಳಿಗೆ ಹೋಗಿ ಭದ್ರಾ ಹಿನ್ನೀರಿನಾಗ ದೋಣಿ. ಆಫೀಸಿನಾಗ ಒಬ್ರು "ಮಳಿಗಾಲದಾಗ ಏನ್ ಹಕ್ಕಿ ಸಿಗತಾವೋ, ಡಿಸೆಂಬರ್‌ನಾಗ ಹೋಗು, ಸೈಬೀರಿಯಾದಿಂದ ಬಂದಿರತಾವ" ಅಂದ್ರು. ಖರೆ ಏನ್ರಿ? ಬೈನಾಕ್ಯುಲರ್ ಎಂಥಾದ್ದು ತಗೋಬೇಕು?

ವರದಾ ದಂಡೆ:
ಸೊರಬದವನು ನಾನು, ಪಕ್ಷಪಾತ ಇದ್ದೇ ಇರುತ್ತೆ, ಅದನ್ನ ಕಳೆದು ಓದ್ಕೊಳ್ಳಿ. ನಾಲ್ಕು ಊರಿನ ಆಸೆ ಬಿಡಿ ಮಾರಾಯ್ರೆ. ಅಷ್ಟು ಸುತ್ತಿದ್ರೆ ಮಗಳ ನೋಟ್‌ಬುಕ್ಕಲ್ಲಿ ಹಕ್ಕಿಗಿಂತ ಪೆಟ್ರೋಲ್ ಬಂಕೇ ಜಾಸ್ತಿ ಇರ್ತವೆ. ಗುಡವಿ ಒಂದೇ ಸಾಕು. ಶನಿವಾರ ಸಂಜೆ ಒಂದು ಸಲ, ಭಾನುವಾರ ಬೆಳಿಗ್ಗೆ ಇನ್ನೊಂದು ಸಲ, ಅದೇ ಕೆರೆ.

ಆಫೀಸಿನವರ ಡಿಸೆಂಬರ್ ಲೆಕ್ಕ ಇಲ್ಲಿಗೆ ಹೊಂದಲ್ಲ. ಗುಡವಿಯಲ್ಲಿ ಗೂಡು ಕಟ್ಟೋ ಬಿಳಿ ಕೆಂಬರಲು (ಐಬಿಸ್), ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿ ಯಾವುದಕ್ಕೂ ಸೈಬೀರಿಯಾ ಗೊತ್ತಿಲ್ಲ. ನಮ್ಮ ದೇಶದೊಳಗೇ ನೀರು ಎಲ್ಲಿದೆ ಅಂತ ನೋಡ್ಕೊಂಡು ಓಡಾಡೋ ಹಕ್ಕಿಗಳು. ಮಳೆ ಹಿಡಿದು, ಕೆರೆಯೊಳಗಿನ ಮರಗಳ ಬುಡ ಮುಳುಗಿದ ಮೇಲೇ ಅವಕ್ಕೆ ಧೈರ್ಯ. ಕಾಡುಬೆಕ್ಕು ಗಿಡುಬೆಕ್ಕು ಸುಲಭಕ್ಕೆ ಅಷ್ಟು ನೀರು ದಾಟಿ ಮೊಟ್ಟೆಗೆ ಬರಲ್ಲ. ಅದೇ ಹೊತ್ತಿಗೆ ಸುತ್ತಲಿನ ಗದ್ದೆಲೆಲ್ಲ ಕಪ್ಪೆ, ಏಡಿ, ಸಣ್ಣ ಮೀನು. ಮರಿ ಸಾಕೋಕೆ ಇನ್ನೇನು ಬೇಕು? ಮಳೆ ಕೈಕೊಟ್ಟ ವರ್ಷ ಇದೇ ಕೆರೆ ಬಣಬಣ ಅನ್ನುತ್ತೆ, ಹಾಗಾಗಿ ಹೊರಡೋ ಮುಂಚೆ ಸೊರಬದ ಕಡೆ ಯಾರನ್ನಾದ್ರೂ ಕೇಳಿ.

ಮಗಳಿಗೆ ಎರಡು ಕೆಲಸ ಕೊಡಿ. ಒಂದು, ಕೆಂಬರಲಿನ ಮರಿ ಯಾವುದು, ದೊಡ್ಡದು ಯಾವುದು ಅಂತ ಹೇಳೋದು. ದೊಡ್ಡದಕ್ಕೆ ತಲೆ, ಕುತ್ತಿಗೆ ಬೋಳು, ಕಪ್ಪು. ಮರಿಯ ಕುತ್ತಿಗೆ ಮೇಲೆ ಪುಕ್ಕ ಇರುತ್ತೆ, ಬೇರೆಯೇ ಹಕ್ಕಿ ಅಂದ್ಕೊಳ್ಳೋ ಹಾಗೆ. ಇನ್ನೊಂದು, ತಾವರೆ ಎಲೆ ಇರೋ ಕಡೆ ದೇವನಕ್ಕಿ (ಜಕಾನಾ) ಹುಡುಕೋದು. ಉದ್ದುದ್ದ ಬೆರಳಿಟ್ಟು ಎಲೆ ಮೇಲೇ ಓಡುತ್ತೆ. ಮೊಟ್ಟೆಗೆ ಕಾವು ಕೊಡೋದು, ಮರಿ ನೋಡೋದು ಎಲ್ಲ ಗಂಡಿನ ಪಾಲು. ಹೆಣ್ಣು ಮೊಟ್ಟೆ ಇಟ್ಟು ಮುಂದಿನ ಗಂಡನ ಕಡೆ ಹೊರಟಿರುತ್ತೆ. (ಅಜ್ಜಿಗೂ ಹೇಳಿ, ಖುಷಿಪಡ್ತಾರೆ.)

ಅಮ್ಮನಿಗೆ ಮಡಚೋ ಕುರ್ಚಿ ತನ್ನಿ. ವೀಕ್ಷಣಾ ಗೋಪುರ ಹತ್ತದಿದ್ರೂ ದಂಡೆಯಲ್ಲಿ ಕೂತೇ ನೋಡಬಹುದು. ಗೂಡಿನ ಮರಗಳ ಕಡೆಯಿಂದ ಗಾಳಿ ಬೀಸಿದ್ರೆ ಮಾತ್ರ ವಾಸನೆ ತಡೆಯಕ್ಕಾಗಲ್ಲ, ತಿಂಡಿ ಡಬ್ಬಿ ಅಲ್ಲಿ ಬಿಚ್ಚಬೇಡಿ.

ಇಂಬಳ ಹತ್ತುತ್ತವೆ, ಹೆದರಬೇಡಿ, ಉಪ್ಪು ಸಾಕು. ಹೆದರಬೇಕಾದ್ದು ಬೇಸಿಗೆಯ ಉಣುಗಿಗೆ. ಅದು ಕಚ್ಚಿದ್ರೆ ಹರಡೋ ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡಿದ್ದು ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲೇ. ಜನವರಿಯಿಂದ ಮೇ ಒಳಗೆ ಬಂದ್ರೆ ತರಗೆಲೆ ಮೇಲೆ ಕೂರೋದು, ಕಾಡೊಳಗೆ ನುಗ್ಗೋದು ಬೇಡವೇ ಬೇಡ. ಸೆಪ್ಟೆಂಬರಲ್ಲಿ ಆ ಕಾಟ ಕಮ್ಮಿ.

ಮೂರುಸಂಜೆ:
ಆಫೀಸಿನವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಕೆರೆ ಬೇರೆ ಅಷ್ಟೇ. ಗದಗ ಜಿಲ್ಲೆ ಶಿರಹಟ್ಟಿ ಹತ್ತಿರದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ. ಹಗಲು ಕೆರೆಯಲ್ಲಿ ವಿಶ್ರಾಂತಿ, ಕತ್ತಲಾದ ಮೇಲೆ ಹೊಲದಲ್ಲಿ ಮೇವು. ಆದರೆ ಅದು ಬಯಲುಸೀಮೆ, ನೀವು ಕೇಳಿದ ಕಾಡು ಅಲ್ಲಿಲ್ಲ.

ಲಕ್ಕವಳ್ಳಿಯನ್ನು ಈಗ ಬಿಡಿ. ಭದ್ರಾದಲ್ಲಿ ರಿವರ್ ಟರ್ನ್ ಅನ್ನೋ ಹಕ್ಕಿಗಳು ಗೂಡು ಮಾಡೋದು ನೀರು ಇಳಿದು ನಡುಗಡ್ಡೆಗಳು ಬಯಲಾದ ಮೇಲೆ, ಫೆಬ್ರವರಿ-ಮಾರ್ಚ್ ಆಸುಪಾಸು. ಸೆಪ್ಟೆಂಬರಲ್ಲಿ ಜಲಾಶಯ ತುಂಬಿದ್ದರೆ ಆ ನಡುಗಡ್ಡೆಗಳೇ ನೀರೊಳಗೆ. ಮಂಡಗದ್ದೆ ಸುಲಭ, ಶಿವಮೊಗ್ಗ–ತೀರ್ಥಹಳ್ಳಿ ರಸ್ತೆ ಪಕ್ಕದಲ್ಲೇ ತುಂಗೆಯ ನಡುಗಡ್ಡೆ ಕಾಣುತ್ತೆ. ಹುಬ್ಬಳ್ಳಿಯಿಂದ ಅದಕ್ಕಂತಲೇ ಬರೋದು ನನಗೇನೋ ದಂಡ ಅನ್ಸುತ್ತೆ.

ಕಣ್ಣಿಗೆ ಕನ್ನಡಿ:
ಬೈನಾಕ್ಯುಲರ್ 8×42 ತಗೊಳ್ಳಿ, ಅಂದ್ರೆ ಎಂಟು ಪಟ್ಟು ದೊಡ್ಡದು ಮಾಡುತ್ತೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. ಹತ್ತು, ಹನ್ನೆರಡು ಪಟ್ಟು ದೊಡ್ಡದು ಮಾಡೋದನ್ನ ಅಂಗಡಿಯವರು ಹೊಗಳ್ತಾರೆ, ಆದ್ರೆ ಹಕ್ಕಿ ಜೊತೆ ಕೈ ನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತೆ. ಎಂಟರಲ್ಲಿ ನೋಟ ಅಗಲ, ಹಾರೋ ಹಕ್ಕಿ ತಪ್ಪಿಸ್ಕೊಳ್ಳಲ್ಲ. ಮಗುವಿಗೆ ಭಾರ ಅನ್ನಿಸಿದ್ರೆ 8×32. ಫೋನಿನಲ್ಲಿ ಹಕ್ಕಿ ಗುರುತಿಸೋ ಮರ್ಲಿನ್ ಆ್ಯಪ್‌ನ ಭಾರತದ ಪ್ಯಾಕ್ ಮನೆಯಲ್ಲೇ ಇಳಿಸ್ಕೊಳ್ಳಿ, ಕಾಡಲ್ಲಿ ನೆಟ್‌ವರ್ಕ್ ನಂಬಬೇಡಿ.

ಹುಬ್ಬಳ್ಳಿ ಮಂದಿ:
ಭಾಳ ಉಪಕಾರ ಆತ್ರಿ. ಮಂಡಗದ್ದೆ, ಲಕ್ಕವಳ್ಳಿ ಎರಡೂ ಕ್ಯಾನ್ಸಲ್. ದಾರಿ ಮ್ಯಾಲೆ ಅಂತ ಅತ್ತಿವೇರಿ ಒಂದು ಇಟ್ಕೋತೀನಿ, ಬೈಬ್ಯಾಡ್ರಿ. ರಾತ್ರಿ ಎಲ್ಲಿ ಉಳಕೊಳ್ಳೂದು, ಸೊರಬನೋ ಶಿರಸಿನೋ?

ವರದಾ ದಂಡೆ:
ಅತ್ತಿವೇರಿಗೆ ಅಭ್ಯಂತರ ಇಲ್ಲ, ಮುಂಡಗೋಡದ ದಾರಿಯಲ್ಲೇ ಸಿಗುತ್ತೆ. ಸೊರಬದಲ್ಲೇ ಉಳೀರಿ, ಅಲ್ಲಿಂದ ಗುಡವಿಗೆ ಹದಿನಾರು ಕಿಲೋಮೀಟರ್, ಬೆಳಿಗ್ಗೆ ಆರಕ್ಕೆ ಹೊರಟ್ರೂ ನಡೀತದೆ. ಹಿಂದಿರುಗೋವಾಗ ಬನವಾಸಿ ಮಧುಕೇಶ್ವರನ ಗುಡಿ ಅಮ್ಮನಿಗೆ ತೋರಿಸಿ. ಮತ್ತೆ ಮಗಳ ರೇನ್‌ಕೋಟ್ ಹಳದಿ, ಗುಲಾಬಿ ಆಗಿದ್ರೆ ಮನೇಲೇ ಬಿಟ್ಟು ಹಸಿರು ಬಣ್ಣದ್ದು ಏನಾದ್ರೂ ಹುಡುಕಿ.