ತಟ್ಟೆ ಬಡಿದರೆ ತಿರುಗುತ್ತಾನೆ, ಆದರೂ ಕಿವಿ ಪರೀಕ್ಷೆ ಬೇಕಾ?

ಮಂಡ್ಯದ ಅಮ್ಮ:
ಮಗನಿಗೆ ಮೂರೂವರೆ ವರ್ಷ. ಮೊನ್ನೆ ಅಂಗನವಾಡಿಗೆ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ತಂಡ ಬಂದಿತ್ತು. ಮಾತು ಸ್ಪಷ್ಟವಿಲ್ಲ, ಕಿವಿ ತೋರಿಸಿ ಅಂತ ಜಿಲ್ಲಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅತ್ತೆ ಒಪ್ಪುತ್ತಿಲ್ಲ. ಅವನ ಹಿಂದೆ ನಿಂತು ತಟ್ಟೆ ಬಡಿದರು, ತಕ್ಷಣ ತಿರುಗಿದ. ಹುಟ್ಟಿದಾಗ ಮಾಡಿದ ಪರೀಕ್ಷೆಯಲ್ಲೂ ಪಾಸಾಗಿದ್ದ. ಹೋಗಲೇಬೇಕಾ?

ಹಾಸನದ ಅಪ್ಪ:
ಹೆದರಬೇಡಿ ತಾಯಿ. ಗಂಡುಮಕ್ಕಳಿಗೆ ಮಾತು ಸ್ವಲ್ಪ ತಡ. ನನ್ನ ಮಗಳಿಗೂ ಇಂಥದ್ದೇ ಚೀಟಿ ಕೊಟ್ಟಿದ್ದರು. ಒಂದು ತಿಂಗಳು ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ಕೊನೆಗೆ ನೋಡಿದರೆ ನೆಗಡಿಯಿಂದ ಕಿವಿ ಕಟ್ಟಿತ್ತು, ಅಷ್ಟೇ. ಎಲ್ಲ ಮಕ್ಕಳನ್ನೂ ಹೀಗೆ ಜರಡಿ ಹಿಡಿಯಬೇಕಾ?

ಮೈಸೂರಿನ ಆಡಿಯಾಲಜಿಸ್ಟ್:
ಹಿಡಿಯಬೇಕು ಸರ್. ಕಿವಿ ಸರಿಯಾಗಿ ಕೇಳುತ್ತದಾ ಅಂತ ಪರೀಕ್ಷಿಸುವುದೇ ನನ್ನ ಕೆಲಸ. ತಟ್ಟೆ ಸದ್ದು ತುಂಬಾ ಜೋರು. ಅರ್ಧಂಬರ್ಧ ಕೇಳುವ ಮಗುವೂ ತಿರುಗುತ್ತದೆ. ಒಂದೇ ಕಿವಿ ಕೇಳಿದರೂ ತಿರುಗುತ್ತದೆ. ಮಾತು ಕಲಿಯಲು ಬೇಕಾಗುವುದು ಸಣ್ಣ ಸದ್ದುಗಳು. 'ಸ', 'ಶ' ಎಷ್ಟು ಮೆತ್ತಗಿರುತ್ತವೆ ನೋಡಿ. ಅವು ಕೇಳದ ಮಗು 'ಸೊಪ್ಪಿನ ಸಾರು' ಅನ್ನುವುದನ್ನು 'ಒಪ್ಪಿನ ಆರು' ಅನ್ನಬಹುದು. ಮನೆಯವರು ಮುದ್ದು ಮಾತು ಅಂದುಕೊಂಡು ನಗುತ್ತಾರೆ.
ಹುಟ್ಟಿದಾಗ ಪಾಸಾದರೆ ಮುಗಿಯಿತು ಅಂತಲ್ಲ. ಮೆದುಳು ಜ್ವರ, ಕಿವಿ ಸೋರುವುದು, ಕಿವಿ ತಮಟೆ ಹಿಂದೆ ನೀರು ತುಂಬುವುದು, ಇವೆಲ್ಲ ಆಮೇಲೆ ಬರುವಂಥವು. ನಿಮ್ಮ ಮಗಳಿಗೆ ಆಗಿದ್ದು ಬಹುಶಃ ಆ ನೀರೇ. ಎಷ್ಟೋ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನಾಗಿಯೇ ಇಳಿಯುತ್ತದೆ. ಇಳಿಯದಿದ್ದರೆ ತಿಂಗಳುಗಟ್ಟಲೆ ಮಗು ನೀರಿನೊಳಗೆ ಕೂತು ಪಾಠ ಕೇಳಿದ ಹಾಗೆ.

ಅಂಗನವಾಡಿ ಕಾರ್ಯಕರ್ತೆ:
ನಿಯಮದ ಪ್ರಕಾರ ನಮ್ಮ ಮಕ್ಕಳಿಗೆ ವರ್ಷಕ್ಕೆ ಎರಡು ಸಲ ತಪಾಸಣೆ. 2013ರಿಂದ ಈ ಕಾರ್ಯಕ್ರಮ ಇದೆ. ಕಷ್ಟ ಇರುವುದು ಚೀಟಿ ಕೊಟ್ಟ ಮೇಲೆ. ನಮ್ಮೂರಿನ ಒಬ್ಬ ತಾಯಿ ಎರಡು ದಿನದ ಕೂಲಿ ಬಿಟ್ಟು, ಎರಡು ಬಸ್ ಬದಲಿಸಿ ಹೋದರು. ಎರಡು ಸಲವೂ ಪರೀಕ್ಷೆ ಮಾಡುವವರು ರಜೆ. ಮೂರನೇ ಸಲ ಹೋಗಿ ಅಂತ ಯಾವ ಬಾಯಲ್ಲಿ ಹೇಳಲಿ? ಎಲ್ಲ ಮಕ್ಕಳನ್ನೂ ನೋಡಿ, ಖಂಡಿತ. ಆದರೆ ಯಾವ ದಿನ ಬರಬೇಕು ಅಂತ ಚೀಟಿಯಲ್ಲೇ ಬರೆದುಕೊಡಿ.

ಹಾಸನದ ಅಪ್ಪ:
ನನ್ನ ಸಿಟ್ಟೂ ಅದೇ ಮೇಡಂ. 'ಕಿವಿ ದೋಷ?' ಅಂತ ಎರಡು ಪದ ಗೀಚಿ ಕೈಗೆ ಕೊಟ್ಟರೆ ಮಗು ಕಿವುಡು ಅಂತಲೇ ಅರ್ಥವಾಗುತ್ತದೆ. ಇದು ಬರೀ ಅನುಮಾನ, ಇನ್ನೊಂದು ಪರೀಕ್ಷೆ ಬೇಕು ಅಂತ ಒಂದು ನಿಮಿಷ ಕೂರಿಸಿ ಹೇಳಬಹುದಿತ್ತಲ್ವಾ? ಮಾತು ತಡ ಅಂದಿದ್ದನ್ನು ವಾಪಸ್ ತಗೊಳ್ತೀನಿ. ಕಾಯಿರಿ ಅಂತ ನಾನು ಹೇಳಬಾರದಿತ್ತು.

ಮೈಸೂರಿನ ಆಡಿಯಾಲಜಿಸ್ಟ್:
ಚೀಟಿ ವಿಷಯದಲ್ಲಿ ನಿಮ್ಮಿಬ್ಬರ ಮಾತೂ ನೂರಕ್ಕೆ ನೂರು ಸರಿ. ಇನ್ನೊಂದು ಮಾತು. ಕಿವಿ ಸರಿಯಿದ್ದೂ ಮಾತು ಬಾರದಿದ್ದರೆ ಅಲ್ಲಿಗೆ ಬಿಡಬೇಡಿ. ಹೆಸರು ಕರೆದರೆ ನೋಡುತ್ತಾನಾ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನಾ, ಬೇರೆ ಮಕ್ಕಳ ಜೊತೆ ಆಡುತ್ತಾನಾ, ಇದನ್ನೂ ಡಾಕ್ಟರಿಗೆ ಹೇಳಿ. ಎರಡು ವರ್ಷಕ್ಕೆ 'ಅಮ್ಮ ಬಾ', 'ಹಾಲು ಕೊಡು' ಅಂತ ಎರಡು ಪದ ಕೂಡಿಸಬೇಕು.

ಮಂಡ್ಯದ ಅಮ್ಮ:
ಬೆರಳು ತೋರಿಸುತ್ತಾನೆ, ಆಡುತ್ತಾನೆ. ಇದನ್ನೆಲ್ಲ ಓದಿದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೆಲ್ಲಗೆ 'ಸಾರು ಬೇಕಾ?' ಅಂದೆ. ಸುಮ್ಮನೆ ನನ್ನ ಮುಖ ನೋಡಿದ. ಸೆರಗು ತೆಗೆದು ಅಷ್ಟೇ ಮೆಲ್ಲಗೆ ಕೇಳಿದೆ. ತಟ್ಟೆ ತಂದ. ಅತ್ತೆ ಅಲ್ಲೇ ನಿಂತಿದ್ದರು. ಗುರುವಾರ ನಾನೂ ಬರ್ತೀನಿ ಅಂದರು. ಅವನು ನಿದ್ದೆ ಮಾಡುವ ಹೊತ್ತಿಗೆ ಕರೆದುಕೊಂಡು ಹೋಗಬೇಕಾ?

ಮೈಸೂರಿನ ಆಡಿಯಾಲಜಿಸ್ಟ್:
ಬೇಡ. ಈ ವಯಸ್ಸಿಗೆ ಸಾಮಾನ್ಯವಾಗಿ ಆಟದಲ್ಲೇ ಪರೀಕ್ಷೆ. ಸದ್ದು ಕೇಳಿದಾಗಲೆಲ್ಲ ಬುಟ್ಟಿಗೆ ಒಂದು ಮಣಿ ಹಾಕಬೇಕು. ಬೆಳಗ್ಗೆ ತಿಂಡಿ ತಿನ್ನಿಸಿ ಕರೆದುಕೊಂಡು ಹೋಗಿ. ಮನೆಯಲ್ಲಿ ಬಟ್ಟಲು, ಕಡಲೆಕಾಳು ಇಟ್ಟುಕೊಂಡು ಎರಡು ದಿನ ಆಡಿಸಿ. ಆಟ ಗೊತ್ತಿದ್ದರೆ ಅಲ್ಲಿ ಅಳುವುದಿಲ್ಲ.