ಓದುಗರ ಸ್ಪಂದನ: ‘ಉತ್ತರ ತಾಳೆ ನೋಡಿದ ಮೇಲೆ ಮಗಳು ಮಂಕಾಗಿದ್ದಾಳೆ’

ಸಮಸ್ಯೆ: ಸಿಇಟಿ ಭೌತಶಾಸ್ತ್ರ ಪತ್ರಿಕೆ ಬರೆದು ಬಂದ ಮಗಳು ಗೆಳತಿಯರ ಜೊತೆ ಉತ್ತರ ತಾಳೆ ನೋಡಿದಳು. ಒಂಬತ್ತು ಪ್ರಶ್ನೆಗೆ ಅವಳದೇ ಬೇರೆ, ಮಿಕ್ಕವರದೇ ಬೇರೆ. ಅಂದಿನಿಂದ ಸರಿಯಾಗಿ ಉಣ್ಣುತ್ತಿಲ್ಲ, ನೀಟ್ ಪುಸ್ತಕ ಮುಟ್ಟುತ್ತಿಲ್ಲ. ಏನು ಮಾಡಲಿ?
– ನೊಂದ ತಾಯಿ, ಕುವೆಂಪುನಗರ, ಮೈಸೂರು

ತಾಯಿ, ಆ ಗೆಳತಿಯರ ಉತ್ತರವೇ ಸರಿ ಎಂದು ಹೇಳಿದವರು ಯಾರು? ಗೇಟಿನ ಹೊರಗೆ ಯಾರು ಜೋರಾಗಿ ಹೇಳುತ್ತಾರೋ ಅವರದೇ ಸರಿ ಎಂದಾಗಿಬಿಡುತ್ತದೆ. ಒಂದೇ ಟ್ಯೂಷನ್ನಿಗೆ ಹೋಗುವ ನಾಲ್ವರು ಒಂದೇ ಕಡೆ ಎಡವುವುದನ್ನು ಪಾಠ ಹೇಳಿದ ನಾವೆಲ್ಲ ನೋಡಿದ್ದೇವೆ. ಮೇಲಾಗಿ ಸಿಇಟಿಯಲ್ಲಿ ವರ್ಷನ್ ಕೋಡ್ ಬೇರೆಯಾದರೆ ಪ್ರಶ್ನೆಗಳ ಕ್ರಮವೂ ಬೇರೆ. ಇವಳ 17ನೆಯದು ಪಕ್ಕದವಳಿಗೆ 42 ಆಗಿರಬಹುದು. ‘ಹದಿನೇಳಕ್ಕೆ ಏನ್ ಹಾಕ್ದೆ?’ ಎಂದು ಕೇಳಿ ಬಂದ ಉತ್ತರವನ್ನು ನಂಬಿ ಊಟ ಬಿಡುವುದು ಬೇಡ.

ತಾಳೆ ನೋಡಲೇಬೇಕೆಂದರೆ ಅದಕ್ಕೆ ಬೇಕಾದದ್ದು ಅವಳ ಕೈಯಲ್ಲೇ ಇದೆ. ಓಎಂಆರ್ ಹಾಳೆಯ ಅಡಿಯ ಪ್ರತಿಯನ್ನು ಮೇಲ್ವಿಚಾರಕರು ಹರಿದು ಅಭ್ಯರ್ಥಿಗೇ ಕೊಡುತ್ತಾರೆ. ಅವಳು ಪೆನ್ನಿನಲ್ಲಿ ತುಂಬಿದ ವೃತ್ತಗಳೆಲ್ಲ ಅದರಲ್ಲಿ ಮೂಡಿರುತ್ತವೆ. ಒತ್ತಿ ತುಂಬಿದ ಕಡೆ ಗಾಢವಾಗಿ, ಅನುಮಾನದಲ್ಲಿ ತುಂಬಿದ ಕಡೆ ತೆಳುವಾಗಿ. ಅದನ್ನು ಜೋಪಾನವಾಗಿಡಿ. ಪರೀಕ್ಷಾ ಪ್ರಾಧಿಕಾರ ಮೊದಲು ತಾತ್ಕಾಲಿಕ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ. ತಜ್ಞರು ಪರಿಶೀಲಿಸಿದ ಮೇಲಷ್ಟೇ ಅಂತಿಮ ಕೀ. ಅಂದರೆ ಪ್ರಶ್ನೆ ತೆಗೆದವರ ಉತ್ತರವೇ ಬದಲಾಗುವುದುಂಟು. 2024ರ ಸಿಇಟಿಯಲ್ಲಿ ಪಠ್ಯದಲ್ಲಿಲ್ಲದ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಟ್ಟರು. ಅವುಗಳನ್ನು ನೆನೆದು ಅತ್ತ ಮಕ್ಕಳು ಎಷ್ಟಿದ್ದರೋ! ಅದೇ ವರ್ಷದ ನೀಟ್‌ನಲ್ಲಿ ಭೌತಶಾಸ್ತ್ರದ ಒಂದು ಪ್ರಶ್ನೆಗೆ ಮೊದಲು ಎರಡು ಉತ್ತರ ಸರಿ ಎಂದಿದ್ದರು. ಸುಪ್ರೀಂ ಕೋರ್ಟ್ ಹೇಳಿ ದೆಹಲಿ ಐಐಟಿಯ ತಜ್ಞರು ನೋಡಿದ ಮೇಲೆ ಒಂದೇ ಸರಿ ಎಂದಾಯಿತು, ಫಲಿತಾಂಶವನ್ನೇ ಪರಿಷ್ಕರಿಸಿದರು.

ಇನ್ನು ಲೆಕ್ಕ. ಎಂಜಿನಿಯರಿಂಗ್ ರ್‍ಯಾಂಕಿಗೆ ಸಿಇಟಿಯ ಮೂರು ವಿಷಯಗಳ 180 ಅಂಕ ಅರ್ಧ, ಪಿಯುಸಿಯ ಅದೇ ವಿಷಯಗಳ ಅಂಕ ಅರ್ಧ. ಒಂಬತ್ತೂ ತಪ್ಪೇ ಎಂದಿಟ್ಟುಕೊಂಡರೂ ನೂರಕ್ಕೆ ಹೋಗುವುದು ಎರಡೂವರೆ. ರ್‍ಯಾಂಕಿನಲ್ಲಿ ಅದು ಸಣ್ಣ ಮಾತಲ್ಲ, ಸುಳ್ಳು ಸಮಾಧಾನ ಹೇಳಲಾರೆ. ಆದರೆ ಇವಳದೇ ಸರಿ ಇರುವ ಸಾಧ್ಯತೆಯನ್ನು ಯಾರೂ ಎಣಿಸುತ್ತಲೇ ಇಲ್ಲವಲ್ಲ, ಅದು ನನಗೆ ಬೇಸರ.
– ನಿವೃತ್ತ ಉಪನ್ಯಾಸಕ, ಸರಸ್ವತಿಪುರಂ, ಮೈಸೂರು

ಆಂಟಿ, ದಯವಿಟ್ಟು ‘ಯಾಕೆ ತಾಳೆ ನೋಡಕ್ಕೆ ಹೋದೆ’ ಅಂತ ಬೈಬೇಡಿ. ಎಂಬತ್ತು ನಿಮಿಷ ಬಾಯಿ ಮುಚ್ಚಿ ಕೂತು ಬಂದವರಿಗೆ ಮಾತಾಡದೇ ಇರಕ್ಕಾಗಲ್ಲ. ಆದರೆ ಬೆಳಿಗ್ಗೆ ಪತ್ರಿಕೆ 11.50ಕ್ಕೆ ಮುಗಿದರೆ ಮಧ್ಯಾಹ್ನದ್ದು 2.30ಕ್ಕೆ. ಆ ನಡುವಿನ ಹೊತ್ತಿನಲ್ಲಿ ತಾಳೆ ನೋಡೋದೇ ಅಪಾಯ. ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಾ ಕೂತಿರ್ತೀವಿ, ಯಾರೋ ಒಬ್ಬಳು ಪ್ರಶ್ನೆಪತ್ರಿಕೆ ತೆಗೀತಾಳೆ, ಅಲ್ಲಿಗೆ ಮಧ್ಯಾಹ್ನದ ಪೇಪರ್ ಅರ್ಧ ಹೋದ ಹಾಗೇ. ನಮ್ಮ ಗುಂಪಿನಲ್ಲಿ ಕೊನೇ ಪೇಪರ್ ಆಗೋವರೆಗೂ ಆ ಮಾತೇ ಎತ್ತಬಾರದು ಅಂತ ಒಪ್ಪಂದ ಮಾಡ್ಕೊಂಡಿದ್ವಿ. ತುಂಬ ಉಪಯೋಗ ಆಯ್ತು.

ಇನ್ನೊಂದು ಮುಖ್ಯ ವಿಷಯ ಅವಳಿಗೆ ಹೇಳಿ. ಸಿಇಟಿಯಲ್ಲಿ ನೆಗೆಟಿವ್ ಮಾರ್ಕಿಂಗ್ ಇಲ್ಲ, ಗೊತ್ತಿಲ್ಲದ್ದಕ್ಕೂ ಒಂದು ವೃತ್ತ ತುಂಬಿ ಬರ್ತೀವಿ. ಗೆಳತಿಯರ ಜೊತೆ ಹೊಂದದ ಆ ಒಂಬತ್ತರಲ್ಲಿ ಅಂಥವೂ ಇರಬಹುದು. ನೀಟ್‌ನಲ್ಲಿ ಸರಿಗೆ ನಾಲ್ಕು, ತಪ್ಪಿಗೆ ಒಂದು ಕಳೀತಾರೆ. ಈಗ ಉಳಿದಿರೋ ದಿನಗಳಲ್ಲಿ ಗೊತ್ತಿಲ್ಲದ್ದನ್ನು ಬಿಡೋ ಅಭ್ಯಾಸ ಆಗಬೇಕು. ಹಳೇ ನೀಟ್ ಪೇಪರ್ ಒಂದನ್ನು ಕೈಗೆ ಕೊಡಿ, ಪೂರ್ತಿ ಬೇಡ, ಬರೀ ಜೀವಶಾಸ್ತ್ರ. ಬರುತ್ತೆ ಅನ್ನೋ ಧೈರ್ಯ ವಾಪಸ್ ಬರೋದು ಹಾಗೇ.
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮಂಡ್ಯ

ಅಕ್ಕ, ಲೆಕ್ಕ ಹೇಳಿ ಮಕ್ಕಳನ್ನು ಸಮಾಧಾನ ಮಾಡುವುದು ನನಗಂತೂ ಕಷ್ಟ ಕಂಡಿದೆ. ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವಳನ್ನು ಒಳಗೊಳಗೇ ತಿನ್ನುತ್ತಿರುವುದು ‘ಎಲ್ಲರಿಗೂ ಬಂತು, ನನಗೊಬ್ಬಳಿಗೆ ಬರಲಿಲ್ಲ’ ಎಂಬುದು. ಅದಕ್ಕೆ ಉಪ್ಪು ಸವರುವವರು ನಾವು ದೊಡ್ಡವರೇ. ದೊಡ್ಡಪ್ಪ ಫೋನ್ ಮಾಡಿ ‘ಎಷ್ಟು ಬರಬಹುದಮ್ಮ?’ ಎನ್ನುತ್ತಾರೆ, ಎದುರು ಮನೆಯವರು ಹಾಲು ತರುವಾಗ ನಿಲ್ಲಿಸಿ ಕೇಳುತ್ತಾರೆ. ನೀಟ್ ಮುಗಿಯುವವರೆಗೆ ಆ ಫೋನನ್ನೆಲ್ಲ ನೀವೇ ಎತ್ತಿ. ಕಾಲೇಜಿನ ವಾಟ್ಸ್‌ಆ್ಯಪ್ ಗುಂಪನ್ನು ಅವಳೇ ಒಪ್ಪಿ ಮ್ಯೂಟ್ ಮಾಡುವ ಹಾಗೆ ಮೆಲ್ಲಗೆ ಹೇಳಿ, ನೀವು ಮೊಬೈಲ್ ಕಿತ್ತುಕೊಳ್ಳಬೇಡಿ. ಸಂಜೆ ಕುಕ್ಕರಹಳ್ಳಿ ಕೆರೆಗೆ ಕರೆದುಕೊಂಡು ಹೋಗಿ ಏರಿಯ ಮೇಲೆ ನಡೆಯಿರಿ. ಓದಿನ ಮಾತು ಅವಳಾಗಿ ತೆಗೆದರೆ ಕೇಳಿ, ಇಲ್ಲದಿದ್ದರೆ ಬೇಡ.
– ಒಬ್ಬ ತಂದೆ, ಮದ್ದೂರು, ಮಂಡ್ಯ ಜಿಲ್ಲೆ

ಊಟ, ನಿದ್ದೆ ಎರಡೂ ಹೀಗೇ ಕೆಡುತ್ತಾ ಹೋದರೆ, ಇಲ್ಲವೇ ‘ನಾನಿದ್ದೂ ಏನು’ ಎಂಬಂಥ ಮಾತು ಅವಳ ಬಾಯಲ್ಲಿ ಬಂದರೆ, ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡುತ್ತಾರೆ, ಹಗಲು ರಾತ್ರಿ ಸಿಗುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಮೊದಲು ನೀವೊಬ್ಬರೇ ಮಾತಾಡಿ ಆಮೇಲೆ ಅವಳ ಕೈಗೆ ಫೋನ್ ಕೊಟ್ಟರೂ ಆದೀತು.
– ಆಪ್ತ ಸಮಾಲೋಚಕಿ, ಮೈಸೂರು