‘ಬಯೋಮಾರ್ಕರ್’: ಸೂಚಕವೋ, ಕುರುಹೋ, ಸುಳಿವೋ?

ಬಲ್ಲವರಲ್ಲಿ ಒಂದು ಪದದ ಬಗ್ಗೆ ಕೇಳಬೇಕಾಗಿದೆ. ಪದ ಒಂದೇ, ಆದರೆ ಅದರ ಬಾಲ ಹಿಡಿದು ಇನ್ನೂ ಮೂರು ಪದಗಳು ಬಂದಿವೆ.

ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರಿಗೆ ಕೊಡುವ ನಾಲ್ಕು ಪುಟದ ತಿಳಿವಳಿಕೆ ಪತ್ರವೊಂದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಲ್ಲೊಂದು ಸಾಲು ಮೂರು ದಿನದಿಂದ ಮುಂದೆ ಹೋಗಲು ಬಿಡುತ್ತಿಲ್ಲ. ಅದರ ತಾತ್ಪರ್ಯ ಇಷ್ಟು: ಶಸ್ತ್ರಚಿಕಿತ್ಸೆಯ ನಂತರ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಎದೆಬಡಿತ ಕ್ರಮ ತಪ್ಪುವ ತೊಂದರೆ, ಯಾರಿಗೆ ಬರಬಹುದು ಎಂಬುದನ್ನು ರಕ್ತದಲ್ಲಿನ ಕೆಲವು ಬಯೋಮಾರ್ಕರ್‌ಗಳ, ಅಂದರೆ ದೇಹದ ಸ್ಥಿತಿಯನ್ನು ತಿಳಿಸುವ ವಸ್ತುಗಳ, ಆಧಾರದಿಂದ ಅಂದಾಜು ಮಾಡಬಹುದು. ನಾನು ಮೊದಲು ಬರೆದದ್ದು ಹೀಗೆ: ‘ಜೈವಿಕ ಸೂಚಕಗಳು ಹೃತ್ಕರ್ಣ ಕಂಪನದ ಮುನ್ಸೂಚನೆ ನೀಡುತ್ತವೆ.’ ವ್ಯಾಕರಣದಲ್ಲಿ ತಪ್ಪಿಲ್ಲ. ನಮ್ಮ ಓಣಿಯ ಕಾಕಾ ಒಬ್ಬರಿಗೆ ಓದಿ ಹೇಳಿದೆ. ಅವರಿಗೆ ಬೈಪಾಸ್ ಆಗಿ ಒಂದು ವರ್ಷವಾಗಿದೆ. ಅವರು ಕೇಳಿದರು: “ಎದೆ ಕೊಯ್ದರೆ ಕಿವಿ ಯಾಕೆ ನಡುಗುತ್ತದೆ ತಮ್ಮಾ? ಜೈವಿಕ ಎಂದರೆ ಗೊಬ್ಬರವಲ್ಲವೇ?”

ಒಂದೇ ಸಾಲು, ಎರಡು ಏಟು. ಗೊಬ್ಬರದ ಅಂಗಡಿಯಲ್ಲಿ ದಿನವೂ ಕಾಣುವ ‘ಜೈವಿಕ’ ಆಸ್ಪತ್ರೆಯ ಕಾಗದದಲ್ಲಿ ಅವರಿಗೆ ಪರಕೀಯ. ‘ಸೂಚಕ’ ಕೂಡ ಅಷ್ಟೇ. ಸಹಕಾರಿ ಸಂಘದ ಚುನಾವಣೆಯಲ್ಲಿ ನಾಮಪತ್ರಕ್ಕೆ ಸಹಿ ಹಾಕುವವರನ್ನು ನಾವು ಸೂಚಕರು ಎನ್ನುತ್ತೇವೆ.

ಇನ್ನು ‘ಹೃತ್ಕರ್ಣ’. ಶಾಲೆಯ ಪಾಠದಿಂದ ಬಾಯಿಪಾಠವಾದ ಪದ, ಬಿಡಲು ಮನಸ್ಸಿಲ್ಲ. ಹಳೆಯ ಇಂಗ್ಲಿಷ್ ಪುಸ್ತಕಗಳು ಹೃದಯದ ಮೇಲಿನ ಕೋಣೆಯನ್ನು ಆರಿಕಲ್, ಅಂದರೆ ಪುಟ್ಟ ಕಿವಿ, ಎನ್ನುತ್ತಿದ್ದವು. ನಮ್ಮ ಕರ್ಣ ಅದರದೇ ನೆರಳು ಎಂದು ತೋರುತ್ತದೆ. ಈಗ ವೈದ್ಯರು ಕೋಣೆಗೆ ಏಟ್ರಿಯಂ ಎನ್ನುತ್ತಾರೆ. ಆರಿಕಲ್ ಎಂಬುದು ಆ ಕೋಣೆಗೆ ಅಂಟಿಕೊಂಡ ಕಿವಿಯಾಕಾರದ ಸಣ್ಣ ಚೀಲಕ್ಕೆ ಮಾತ್ರ ಉಳಿದಿದೆ. ಫಿಬ್ರಿಲೇಷನ್ ಆದಾಗ ರಕ್ತ ಹೆಪ್ಪುಗಟ್ಟುವುದು ಹೆಚ್ಚಾಗಿ ಎಡಗಡೆಯ ಆ ಚೀಲದಲ್ಲಿಯೇ. ಹೆಪ್ಪು ಅಲ್ಲಿಂದ ಹೊರಟು ಮಿದುಳು ತಲುಪಿದರೆ ಪಾರ್ಶ್ವವಾಯು. ಕೋಣೆಗೂ ಚೀಲಕ್ಕೂ ಒಂದೇ ಕರ್ಣ ಹಂಚಿದರೆ ಈ ಮಾತು ಹೇಳುವುದೇ ಕಷ್ಟ. ಏಟ್ರಿಯಂ ಎಂದರೆ ರೋಮನ್ನರ ಮನೆಯ ನಡುವಿನ ಅಂಗಳ. ನಮ್ಮ ಪಡಸಾಲೆ ಅದಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಆದರೆ ‘ಹೃದಯದ ಪಡಸಾಲೆ’ ಎಂದು ಬರೆದರೆ ಅಚ್ಚು ಹಾಕಿಸುವವರು ನನ್ನನ್ನು ಕವಿ ಎಂದುಕೊಂಡು ಮನೆಗೆ ಕಳುಹಿಸುತ್ತಾರೆ. ಸದ್ಯಕ್ಕೆ ‘ಮೇಲಿನ ಕೋಣೆ’ ಎಂದಿಟ್ಟಿದ್ದೇನೆ.

‘ಕಂಪನ’ ನಮ್ಮ ಜಿಲ್ಲೆಯಲ್ಲಿ ಬೇಡವೇ ಬೇಡ. ಕೆಲವು ವರ್ಷಗಳಿಂದ ಭೂಮಿ ನಡುಗಿ ಪಾತ್ರೆ ಅಲುಗಿದರೆ ಜನ ಬೀದಿಗೆ ಓಡಿ ಬಂದಿದ್ದಾರೆ. ‘ಲಯ ತಪ್ಪುವುದು’ ಎನ್ನಲು ಹೊರಟೆ, ಆದರೆ ‘ಹೃದಯ ಲಯ’ ಎಂಬ ಶೀರ್ಷಿಕೆ ನೋಡಿದವರಿಗೆ ಸೃಷ್ಟಿ, ಸ್ಥಿತಿ, ಲಯ ನೆನಪಾದರೆ? ಕಾಕಾ ಭಜನೆಯಲ್ಲಿ ದಮ್ಮಡಿ ಬಾರಿಸುವವರು. ‘ತಾಳ ತಪ್ಪುತ್ತದೆ’ ಎಂದಾಗ ತಲೆಯಾಡಿಸಿದರು, ಆಮೇಲೆ ತಾವೇ ತಿದ್ದಿದರು: “ತಾಳ ತಪ್ಪಿದರೆ ಮುಂದಿನ ಆವರ್ತಕ್ಕೆ ಹಿಡಿಯಬಹುದು. ನನಗೆ ಮೂರನೆಯ ದಿನ ಆದದ್ದು ಹಾಗಲ್ಲ. ತಾಳವೇ ಇರಲಿಲ್ಲ.” ಹೇಳುತ್ತ ಮಂಡಿಯ ಮೇಲೆ ಬೆರಳು ಬಡಿದು ತೋರಿಸಿದರು. ಎರಡು ಏಟು ಒತ್ತೊತ್ತಾಗಿ, ಒಂದು ದೂರ, ಮತ್ತೆ ನಾಲ್ಕು ಒಟ್ಟಿಗೆ. ವೈದ್ಯಕೀಯ ವಿವರಣೆಯೂ ಇದೇ: ಮೇಲಿನ ಕೋಣೆಯ ಸ್ನಾಯು ಒಂದಾಗಿ ಕುಗ್ಗುವ ಬದಲು ಅಲ್ಲಲ್ಲಿ ಅದುರುತ್ತದೆ, ನಾಡಿಗೆ ಯಾವ ಕ್ರಮವೂ ಇರುವುದಿಲ್ಲ. ಬೈಪಾಸ್ ಆದ 100 ಜನರಲ್ಲಿ ಸುಮಾರು 20ರಿಂದ 40 ಜನರಿಗೆ, ಹೆಚ್ಚಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ ಇದು ಕಾಣಿಸಿಕೊಳ್ಳುತ್ತದೆ. ಬಹಳಷ್ಟು ಜನರಲ್ಲಿ ಮತ್ತೆ ಸರಿಹೋಗುತ್ತದೆ.

ನನ್ನ ಮುಖ್ಯ ಪ್ರಶ್ನೆ ಬಯೋಮಾರ್ಕರ್ ಬಗ್ಗೆ. ಪತ್ರದಲ್ಲಿ ಹೆಸರಿಸಿರುವುದು ಎರಡನ್ನು. ಒಂದು ಬಿಎನ್‌ಪಿ. ಇದೊಂದು ಹಾರ್ಮೋನು. ಇದರ ಬಿ ಅಕ್ಷರ ಬ್ರೇನ್ (ಮಿದುಳು) ಎಂಬುದರದು, ಏಕೆಂದರೆ 1988ರಲ್ಲಿ ಇದು ಮೊದಲು ಸಿಕ್ಕಿದ್ದು ಹಂದಿಯ ಮಿದುಳಿನಲ್ಲಿ. ನಮ್ಮ ದೇಹದಲ್ಲಿ ಇದನ್ನು ಮುಖ್ಯವಾಗಿ ತಯಾರಿಸುವುದು ಹೃದಯ. ಒತ್ತಡದಿಂದ ಕೋಣೆಯ ಗೋಡೆ ಹಿಗ್ಗಿದಾಗ ಅದು ರಕ್ತಕ್ಕೆ ಸೇರುತ್ತದೆ. ಹೆಸರನ್ನು ಅಕ್ಷರಶಃ ಅನುವಾದಿಸಿದರೆ ಹೃದಯದ ರೋಗಿ ಮಿದುಳಿಗೆ ಏನಾಯಿತೋ ಎಂದು ಗಾಬರಿಯಾಗುತ್ತಾನೆ, ಹಾಗಾಗಿ ಅಕ್ಷರಗಳನ್ನು ಹಾಗೆಯೇ ಬಿಟ್ಟಿದ್ದೇನೆ. ಇನ್ನೊಂದು ಸಿಆರ್‌ಪಿ, ಉರಿಯೂತವಾದಾಗ ಯಕೃತ್ತು ಬಿಡುವ ಪ್ರೋಟೀನು. ಎದೆ ತೆರೆದ ಮೇಲೆ ಇದು ಎಲ್ಲರಲ್ಲೂ ಏರುತ್ತದೆ, ಎರಡು ಮೂರು ದಿನದಲ್ಲಿ ತುದಿ ಮುಟ್ಟುತ್ತದೆ. ತಾಳ ಕೆಡುವುದೂ ಅದೇ ದಿನಗಳಲ್ಲಿ.

ಮೊದಲೇ ಬಿಎನ್‌ಪಿ ಹೆಚ್ಚಿದ್ದವರಲ್ಲಿ ತಾಳ ಕೆಡುವ ಸಾಧ್ಯತೆ ಹೆಚ್ಚು, ಇದು ನಿಜ. ಆದರೆ ವಯಸ್ಸಾದರೂ ಅದು ಏರುತ್ತದೆ, ಮೂತ್ರಪಿಂಡ ಸೋತರೂ ಏರುತ್ತದೆ. ಹೆಚ್ಚಿದ್ದೂ ಏನೂ ಆಗದವರಿದ್ದಾರೆ, ಕಡಿಮೆಯಿದ್ದೂ ಆದವರಿದ್ದಾರೆ. ಇಂಥದ್ದಕ್ಕೆ ‘ಮುನ್ಸೂಚನೆ ನೀಡುತ್ತದೆ’ ಎಂಬ ಕ್ರಿಯಾಪದ ಭಾರವಾಯಿತು. ಕಾರಹುಣ್ಣಿಮೆಯ ದಿನ ಎತ್ತು ಓಡಿಸಿ ಕರಿ ಹರಿಯುವಾಗ ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ ಚೆನ್ನಾಗಿ ಬರುತ್ತದೆ ಎನ್ನುತ್ತಾರಲ್ಲ, ಓದುಗರು ರಕ್ತಪರೀಕ್ಷೆಯನ್ನೂ ಆ ಸಾಲಿಗೆ ಸೇರಿಸಿಬಿಡುತ್ತಾರೆ. ಅದು ಶಕುನವಲ್ಲ, ತೀರ್ಪೂ ಅಲ್ಲ.

‘ಕುರುಹು’ ನನಗೆ ಇಷ್ಟ, ವಚನಗಳಿಂದಲೇ ಕಿವಿಗೆ ಬಿದ್ದಿರುವ ಪದ. ಆದರೆ ಕುರುಹು ಎಂದರೆ ಆಗಿಹೋದದ್ದರ, ಅಥವಾ ಇರುವುದರ ಗುರುತು. ಗಾಯ ಮಾಸಿದ ಮೇಲೂ ಕುರುಹು ಉಳಿಯುತ್ತದೆ. ಹೃದಯಾಘಾತವಾದಾಗ ಏರುವ ಟ್ರೊಪೊನಿನ್ ಎಂಬ ಪ್ರೋಟೀನಿಗೆ ಅದು ಸರಿ, ಸ್ನಾಯುವಿಗೆ ಪೆಟ್ಟಾಗಿದೆ ಎಂದು ಅದು ಹೇಳುತ್ತದೆ. ಮುಂದೆ ಆಗಬಹುದಾದದ್ದಕ್ಕೆ ‘ಸುಳಿವು’ ಹೆಚ್ಚು ಹೊಂದುತ್ತದೆ ಎಂದು ನನ್ನ ವಾದ. ಸುಳಿವು ಸಿಕ್ಕಿತು ಎಂದ ಮಾತ್ರಕ್ಕೆ ಕಳ್ಳ ಸಿಕ್ಕಿದಂತಲ್ಲ, ಆದರೆ ಪೊಲೀಸರು ಎಚ್ಚರವಾಗಿರುತ್ತಾರೆ. ವೈದ್ಯರು ಮಾಡುವುದೂ ಅಷ್ಟೇ. ಈಗಿನ ಕರಡು: ‘ಮುಂದೆ ಎದೆಬಡಿತದ ತಾಳ ಕೆಡಬಹುದೇ ಎಂಬುದಕ್ಕೆ ರಕ್ತದಲ್ಲಿ ಕೆಲವು ಸುಳಿವುಗಳು ಸಿಗುತ್ತವೆ.’

ಎಲ್ಲ ಬಯೋಮಾರ್ಕರ್‌ಗಳಿಗೂ ಸುಳಿವು ಸಲ್ಲುತ್ತದೆಯೇ, ಅಥವಾ ಸಂದರ್ಭ ನೋಡಿ ಕುರುಹು, ಸುಳಿವು ಎಂದು ಬೇರೆ ಬೇರೆ ಬಳಸಬೇಕೇ? ಪತ್ರಿಕೆಯಲ್ಲಿ ಕೆಲಸ ಮಾಡುವವರು ತಮ್ಮ ರೂಢಿ ತಿಳಿಸಿದರೆ ಉಪಕಾರ. ಇಳಕಲ್ಲು, ಬನಹಟ್ಟಿ ಕಡೆಯವರಲ್ಲಿ ಇನ್ನೊಂದು ವಿನಂತಿ: ಮಗ್ಗದ ಏಟು ಕ್ರಮ ತಪ್ಪಿ ಅಡ್ಡಾದಿಡ್ಡಿ ಬೀಳುವುದಕ್ಕೆ ನೇಕಾರರ ಬಾಯಲ್ಲಿ ಏನಾದರೂ ಮಾತಿದೆಯೇ? ಇದ್ದರೆ ‘ತಾಳ ಕೆಡು’ ಎಂಬುದನ್ನು ತೆಗೆದು ಅದನ್ನೇ ಹಾಕುತ್ತೇನೆ. ಪತ್ರ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ.